ರೆಡಿಂಗ್‌ನಲ್ಲಿ ಒಂದು ಖಾಲಿ ಕುರ್ಚಿ

ನನ್ನ ಮಗಳು ಹುಟ್ಟಿದ್ದು 2010ರ ಆಗಸ್ಟ್ 24ಕ್ಕೆ. ಇನ್ನು ಎಂಟು ದಿನ ತಡವಾಗಿ ಹುಟ್ಟಿದ್ದರೆ ನಮ್ಮ ಪಾಡು ಅರ್ಧದಷ್ಟು ಸುಲಭವಾಗುತ್ತಿತ್ತು. ಇದು ನನಗೆ ಗೊತ್ತಾಗಿದ್ದು ಹದಿಮೂರು ವರ್ಷ ಆದಮೇಲೆ, ಇಂಗ್ಲೆಂಡಿಗೆ ಬಂದು.

ಹೆಂಡತಿಗೆ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ರೇಡಿಯೋಗ್ರಾಫರ್ ಕೆಲಸ ಸಿಕ್ಕಿತು. ನಾವು ಮೈಸೂರು ಬಿಟ್ಟು 2024ರ ಜನವರಿ 6ಕ್ಕೆ ರೆಡಿಂಗ್‌ಗೆ ಬಂದು ಇಳಿದೆವು. ಬೋರ್ಡಿನಲ್ಲಿ ಓದಿದರೆ ರೀಡಿಂಗ್, ಬಾಯಲ್ಲಿ ರೆಡಿಂಗ್. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ. ಅವಳು ಸೋಮವಾರದಿಂದಲೇ ಡ್ಯೂಟಿಗೆ ಹೋದಳು. ನಾನು ಡಿಪೆಂಡೆಂಟ್, ಅಂದರೆ ಅವಳ ವೀಸಾದ ಮೇಲೆ ಬಂದವನು. ಮೈಸೂರಿನಲ್ಲಿ ನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತಿದ್ದವನು ಇಲ್ಲಿ ಅಡುಗೆ, ಮನೆ ಹುಡುಕಾಟ, ಮಗಳ ಸ್ಕೂಲು, ಈ ಮೂರು ಖಾತೆ ವಹಿಸಿಕೊಂಡೆ. ಮೊದಲೆರಡು ಹೇಗೋ ನಡೆದವು.

ಬರುವ ಮುಂಚೆ ನಾನು ಸುಮ್ನೆ ಕೂತಿರಲಿಲ್ಲ. ಟಿ.ಸಿ. ತೆಗೆಸಿ, ಅದಕ್ಕೆ ಬಿಇಒ ಸಹಿ ಹಾಕಿಸಲು ಮೂರು ದಿನ ಅಲೆದಿದ್ದೆ. ಐದನೇ ಕ್ಲಾಸಿನಿಂದ ಮಾರ್ಕ್ಸ್ ಕಾರ್ಡುಗಳು, ಅದರ ನೋಟರಿ ಪ್ರತಿ, ಕ್ಯಾರೆಕ್ಟರ್ ಸರ್ಟಿಫಿಕೇಟು, ಎಂಟು ಪಾಸ್‌ಪೋರ್ಟ್ ಸೈಜ್ ಫೋಟೋ. ಎಲ್ಲವನ್ನೂ ನೀಲಿ ಫೈಲಿನಲ್ಲಿ ಹಾಕಿ, ಕೈಚೀಲದಲ್ಲೇ ಇಟ್ಟುಕೊಂಡು ವಿಮಾನ ಹತ್ತಿದ್ದೆ. ಸೂಟ್‌ಕೇಸಿನಲ್ಲಿ ಇಟ್ಟು ಕಳೆದುಹೋದರೆ? ಆ ಫೈಲನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ. ಕೇಳಿದ್ದು ಮೂರೇ: ಜನನ ಪ್ರಮಾಣ ಪತ್ರ, ಬಾಡಿಗೆ ಕರಾರು, ಕೌನ್ಸಿಲ್ (ಇಲ್ಲಿನ ನಗರಸಭೆ) ಟ್ಯಾಕ್ಸ್ ಬಿಲ್ಲು. ವೀಸಾ ತೋರಿಸಿ ಅಂತ ಕೂಡ ಶಾಲೆಯವರು ಕೇಳಲಿಲ್ಲ.

ನಮ್ಮೂರಲ್ಲಿ ಸ್ಕೂಲ್ ಸೀಟು ಹೇಗೆ ಸಿಗುತ್ತದೆ ಅಂತ ನಿಮಗೂ ಗೊತ್ತು. ಒಳ್ಳೆ ಸ್ಕೂಲು ಯಾವುದು ಅಂತ ವಿಚಾರಿಸುತ್ತೇವೆ. ಅರ್ಜಿಗೆ ಕ್ಯೂ ನಿಲ್ಲುತ್ತೇವೆ. ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ ನೋಡುತ್ತೇವೆ. ದುಡ್ಡು ಹೊಂದಿಸುತ್ತೇವೆ. ಮನೆ ದೂರವಾದರೆ ವ್ಯಾನ್ ಇದ್ದೇ ಇದೆ. ಇಲ್ಲಿ ಸರ್ಕಾರಿ ಶಾಲೆಗೆ ಫೀಸೇ ಇಲ್ಲ, ಡೊನೇಷನ್ ಇಲ್ಲ, ವಶೀಲಿ ಇಲ್ಲ. ಮನೆ ಎಲ್ಲಿದೆ ಅನ್ನೋದೇ ಮುಖ್ಯ. ಅರ್ಜಿಗಳು ಜಾಸ್ತಿ ಬಂದರೆ ಯಾರಿಗೆ ಮೊದಲು ಅನ್ನೋದಕ್ಕೆ ಪ್ರತಿ ಶಾಲೆಯೂ ಮೊದಲೇ ನಿಯಮ ಬರೆದಿಟ್ಟಿರುತ್ತದೆ: ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿರುವವರು, ಆಮೇಲೆ ಸಾಮಾನ್ಯವಾಗಿ ಮನೆಗೂ ಶಾಲೆಗೂ ಇರುವ ದೂರ. ಇದನ್ನೆಲ್ಲ ಓದಿದ ನಾನು ಜಾಣನ ಹಾಗೆ ಒಂದು ತೀರ್ಮಾನಕ್ಕೆ ಬಂದೆ. ಒಳ್ಳೆ ಸ್ಕೂಲು ಹುಡುಕು, ಅದರ ಬಾಗಿಲಲ್ಲೇ ಮನೆ ಮಾಡು, ಕೆಲಸ ಮುಗೀತು.

ಹಾಗೇ ಮಾಡಿದೆ. ಆಫ್‌ಸ್ಟೆಡ್ ಅಂತ ಶಾಲೆಗಳ ತಪಾಸಣೆ ಮಾಡುವ ಸಂಸ್ಥೆ ಇದೆ. ಆಗಿನ್ನೂ ಅದು ಇಡೀ ಶಾಲೆಗೆ ಒಂದೇ ಮಾತಿನ ಸರ್ಟಿಫಿಕೇಟು ಕೊಡುತ್ತಿತ್ತು. ಮೇಲಿನಿಂದ ಕೆಳಕ್ಕೆ ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್ (ಸುಧಾರಿಸಬೇಕು), ಇನ್‌ಅಡಿಕ್ವೇಟ್. 2024ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ನಾನು ಔಟ್‌ಸ್ಟ್ಯಾಂಡಿಂಗ್ ಅಂತ ಇದ್ದ ಒಂದು ಶಾಲೆ ಹಿಡಿದೆ. ಅದರ ವರದಿ ಹತ್ತು ವರ್ಷ ಹಳೆಯದು ಅನ್ನೋದನ್ನು ಗಮನಿಸಲಿಲ್ಲ. ಆ ದರ್ಜೆ ಪಡೆದ ಶಾಲೆಗಳಿಗೆ 2012ರಿಂದ 2020ರವರೆಗೆ ಮಾಮೂಲಿ ತಪಾಸಣೆಯಿಂದಲೇ ವಿನಾಯಿತಿ ಇತ್ತಂತೆ. ಹತ್ತು ವರ್ಷದಲ್ಲಿ ಮೇಷ್ಟ್ರುಗಳೇ ಬದಲಾಗಿರುತ್ತಾರೆ, ಅಲ್ವಾ?

ಶಾಲೆಯಿಂದ ಅರ್ಧ ಮೈಲಿ ದೂರದಲ್ಲಿ ಎರಡು ಬೆಡ್‌ರೂಮಿನ ಮನೆ ಸಿಕ್ಕಿತು. ಇಲ್ಲಿ ನಮ್ಮ ಸಾಲದ ಚರಿತ್ರೆ ಏನೂ ಇಲ್ಲವಲ್ಲ, ಆರು ತಿಂಗಳ ಬಾಡಿಗೆ ಮುಂಗಡ ಕೇಳಿದರು. ಮೈಸೂರಿನ ಸೈಟಿಗೆ ಅಂತ ಕೂಡಿಟ್ಟಿದ್ದ ದುಡ್ಡು ಅದಕ್ಕೇ ಹೋಯಿತು. ಜನವರಿ 22ಕ್ಕೆ ಸಹಿ ಹಾಕಿದೆ. 23ರ ಬೆಳಿಗ್ಗೆ ಅರ್ಜಿ.

ಇಲ್ಲಿ ಹೈಸ್ಕೂಲಿಗೆ ಸೇರುವ ಮಾಮೂಲಿ ದಾರಿ ಬೇರೆ. ಮಗು ಇಯರ್ 6ರಲ್ಲಿರುವಾಗ (ತರಗತಿಗೆ ಇಲ್ಲಿ ಇಯರ್ ಅನ್ನುತ್ತಾರೆ) ಅಕ್ಟೋಬರ್ 31ರೊಳಗೆ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ಮಾರ್ಚ್ 1ಕ್ಕೆ ಇಡೀ ದೇಶದಲ್ಲಿ ಒಂದೇ ದಿನ ಫಲಿತಾಂಶ. ಸೆಪ್ಟೆಂಬರಿಗೆ ಇಯರ್ 7ಕ್ಕೆ ಸೇರ್ಪಡೆ. ನಮ್ಮಂಥ ನಡುವೆ ಬಂದು ಬೀಳುವವರದ್ದು ಇನ್-ಇಯರ್ ಅರ್ಜಿ. ಇದಕ್ಕೆ ಕೊನೆ ದಿನಾಂಕ ಇಲ್ಲ. ಯಾವಾಗ ಬೇಕಾದರೂ ಹಾಕಬಹುದು. ಕೇಳಲು ಚೆನ್ನಾಗಿದೆ. ಆದರೆ ಆ ತರಗತಿಯಲ್ಲಿ ಜಾಗ ಇದ್ದರೆ ಮಾತ್ರ ಉಪಯೋಗ. ಶಾಲೆಯ ಬಾಗಿಲಲ್ಲೇ ಚಾಪೆ ಹಾಸಿ ಮಲಗಿದರೂ ಕ್ಲಾಸು ತುಂಬಿದ್ದರೆ ತುಂಬಿದ್ದೇ.

ಇನ್ನೊಂದು ತಮಾಷೆ ಇತ್ತು. ರೆಡಿಂಗ್ ಅನ್ನೋದು ಒಂದೇ ಊರು ಅಂದುಕೊಂಡಿದ್ದೆ. ನೋಡಿದರೆ ಮೂರು ಕೌನ್ಸಿಲ್‌ಗಳು. ಅರ್ಲಿ, ವುಡ್ಲಿ ಕಡೆ ಹೋದರೆ ಅದು ವೋಕಿಂಗ್‌ಹ್ಯಾಮ್‌ಗೆ ಸೇರಿದ್ದು. ಟೈಲ್‌ಹರ್ಸ್ಟ್‌ನ ಒಂದು ಭಾಗ ರೆಡಿಂಗ್‌ನದ್ದು, ಇನ್ನೊಂದು ಭಾಗ ವೆಸ್ಟ್ ಬರ್ಕ್‌ಷೈರ್‌ನದ್ದು. ಪೋಸ್ಟ್‌ಕೋಡ್ ಎಲ್ಲಕ್ಕೂ ಆರ್‌ಜಿ ಅಂತಲೇ ಶುರುವಾಗುತ್ತದೆ. ನಮ್ಮ ಮನೆ ಒಂದು ಕೌನ್ಸಿಲ್‌ನಲ್ಲಿ, ನಾನು ಮೆಚ್ಚಿದ ಶಾಲೆ ಪಕ್ಕದ ಕೌನ್ಸಿಲ್‌ನಲ್ಲಿ. ನಡುವೆ ಒಂದು ರಸ್ತೆ, ಒಂದು ಮೀನು-ಚಿಪ್ಸ್ ಅಂಗಡಿ. ವರ್ಷದ ನಡುವಿನ ಅರ್ಜಿಯನ್ನು ಶಾಲೆ ಎಲ್ಲಿದೆಯೋ ಆ ಕಡೆಯವರಿಗೆ ಕೊಡಿ ಅಂದರು. ಹಾಗಾಗಿ ಎರಡು ಕಡೆ ಎರಡು ಅರ್ಜಿ.

ಕ್ಲಾಸಿನ ಲೆಕ್ಕಕ್ಕೆ ಬರುತ್ತೇನೆ. ಮಗಳು ಮೈಸೂರಿನಲ್ಲಿ ಎಂಟನೇ ಕ್ಲಾಸು. ಇಲ್ಲಿ ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಆ ಲೆಕ್ಕದಲ್ಲಿ ಅವಳು ಇಯರ್ 9, ಅದರಲ್ಲೂ ಎಲ್ಲರಿಗಿಂತ ಚಿಕ್ಕವಳು. ಇಯರ್ 8ಕ್ಕೆ ಹಾಕಿ ಅಂತ ಕೇಳಬಹುದು, ಒಪ್ಪಲೇಬೇಕು ಅಂತೇನಿಲ್ಲ. ಇಯರ್ 9 ಯಾಕೆ ತಲೆನೋವು ಅಂದರೆ, ಇಲ್ಲಿನ ಎಸ್ಸೆಸ್ಸೆಲ್ಸಿ ಅನ್ನಬಹುದಾದ ಜಿಸಿಎಸ್‌ಇ ಪರೀಕ್ಷೆಯ ಓದು ಇಯರ್ 10 ಮತ್ತು 11ರಲ್ಲಿ. ಯಾವ ವಿಷಯ ಓದುತ್ತೀಯ ಅಂತ ಹೆಚ್ಚಿನ ಶಾಲೆಗಳಲ್ಲಿ ಇಯರ್ 9ರ ವಸಂತದಲ್ಲೇ ಆರಿಸಬೇಕು. ಎಲ್ಲ ಮಕ್ಕಳೂ ವಿಷಯ ಆರಿಸುತ್ತಿರುವ ತಿಂಗಳಲ್ಲೇ ನನ್ನ ಮಗಳು ಮನೆಯಲ್ಲಿ ಕೂತಿದ್ದಳು.

ಅರ್ಜಿಗೆ 15 ಶಾಲಾ ದಿನಗಳೊಳಗೆ ಉತ್ತರ ಕೊಡಬೇಕು ಅನ್ನೋದು ನಿಯಮ. ನಾನು ಕ್ಯಾಲೆಂಡರಿನಲ್ಲಿ ಹದಿನೈದು ಗೆರೆ ಎಳೆದೆ. ಆಮೇಲೆ ನೋಡಿದರೆ ಶನಿವಾರ, ಭಾನುವಾರ ಅಲ್ಲದೆ ಫೆಬ್ರವರಿಯ ನಡುವೆ ಒಂದು ವಾರ ಹಾಫ್ ಟರ್ಮ್ ರಜೆ. ಅದೂ ಲೆಕ್ಕಕ್ಕಿಲ್ಲ.

ಆ ದಿನಗಳಲ್ಲಿ ನಾನು, ಮಗಳು ಬೆಳಿಗ್ಗೆ ಲೈಬ್ರರಿಗೆ ಹೋಗುತ್ತಿದ್ದೆವು. ಬೆಚ್ಚಗಿರುತ್ತಿತ್ತು, ದುಡ್ಡೂ ಇಲ್ಲ. ಅವಳು ಗಣಿತ ಮಾಡುತ್ತಿದ್ದಳು, ನಾನು ಅಡ್ಮಿಷನ್ ನಿಯಮ ಓದುತ್ತಿದ್ದೆ. ಒಂದು ದಿನ ವಾಪಸ್ ಬರುವಾಗ ಹಳೆಯ ಅಬಿಯ, ಅಂದರೆ ಕ್ರೈಸ್ತ ಮಠದ, ಹೆಬ್ಬಾಗಿಲ ಹತ್ತಿರ ನಿಂತೆವು. 1785ರ ಸುಮಾರಿಗೆ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಇಲ್ಲಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ್ದಳು ಅಂತ ನಾನು ಮಗಳಿಗೆ ಹೇಳಿದೆ. ಅವಳು ಕೈಗವಸು ಹಾಕಿಕೊಳ್ಳುತ್ತಾ, ‘ಅವಳಿಗೆ ಸೀಟು ಸಿಕ್ಕಿತಲ್ಲ, ಬಿಡು’ ಅಂದಳು. ನಗು ಬಂತು. ಮನೆಗೆ ಹೋದಮೇಲೆ ನಗು ಉಳಿಯಲಿಲ್ಲ.

ಫೆಬ್ರವರಿ 7ಕ್ಕೆ ಉತ್ತರ ಬಂತು. ಬರೆದ ಮೂರೂ ಶಾಲೆಗಳಲ್ಲಿ ಜಾಗ ಇಲ್ಲ.

ನಾನು ಕೌನ್ಸಿಲ್‌ಗೆ ಫೋನ್ ಮಾಡಿದೆ. ಇಪ್ಪತ್ತೈದು ನಿಮಿಷ ಪಿಟೀಲು ಕೇಳಿಸಿ ಆಮೇಲೆ ಒಬ್ಬ ಹೆಂಗಸು ಸಿಕ್ಕರು. ಒಳ್ಳೆ ಹೆಂಗಸು. ನಾನು ದೂರ, ಅರ್ಧ ಮೈಲಿ, ಆರು ತಿಂಗಳ ಬಾಡಿಗೆ ಅಂತೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ಇಯರ್ 9ರಲ್ಲಿ ಎಲ್ಲೆಲ್ಲಿ ಜಾಗ ಇದೆ ಅಂತ ಹೇಳಲಾ?’ ಅಂದರು.

ನಾನು ಒಂದು ಕ್ಷಣ ಸುಮ್ಮನಾದೆ. ಅದನ್ನು ಹೇಳುತ್ತೀರಾ?

‘ಕೇಳಿದವರಿಗೆ ಹೇಳುತ್ತೇವೆ. ನೀವು ಕೇಳಲಿಲ್ಲವಲ್ಲ.’

ತಮ್ಮ ವ್ಯಾಪ್ತಿಯ ಶಾಲೆಗಳಲ್ಲಿ ಎಲ್ಲಿ ಜಾಗ ಖಾಲಿ ಇದೆ ಅಂತ ಕೇಳಿದರೆ ಕೌನ್ಸಿಲ್‌ನವರು ಹೇಳಲೇಬೇಕು. ಅದು ಅಡ್ಮಿಷನ್ ಕೋಡ್‌ನಲ್ಲೇ ಇದೆ. ಲೈಬ್ರರಿಯಲ್ಲಿ ಕೂತು ನಾನು ಅದೇ ಕೋಡ್ ಓದಿದ್ದೆ. ನನಗೆ ಬೇಕಾದ ದೂರದ ನಿಯಮವನ್ನು ಮೂರು ಸಲ ಓದಿದ್ದೆ, ಇದರ ಮೇಲೆ ಕಣ್ಣಾಡಿಸಿ ದಾಟಿದ್ದೆ. ಮೈಸೂರಿನಿಂದಲೇ ಒಂದು ಇಮೇಲ್ ಹಾಕಬಹುದಿತ್ತು. ಬಂದ ಮೊದಲ ವಾರ ಕೇಳಬಹುದಿತ್ತು. ಆಗ ಖಾಲಿ ಇರುವ ಶಾಲೆಗಳಲ್ಲಿ ನಮಗೆ ಸರಿಹೋಗುವುದನ್ನು ನೋಡಿ, ಅದರ ಹತ್ತಿರ ಮನೆ ಹಿಡಿಯಬಹುದಿತ್ತು. ಒಳ್ಳೆ ಸ್ಕೂಲು ಯಾವುದು ಅಂತ ಎಲ್ಲರನ್ನೂ ಕೇಳಿದ್ದೆ. ಖಾಲಿ ಕುರ್ಚಿ ಎಲ್ಲಿದೆ ಅಂತ ಯಾರನ್ನೂ ಕೇಳಿರಲಿಲ್ಲ. ಅಷ್ಟು ಹೊತ್ತಿಗೆ ಆರು ತಿಂಗಳ ಬಾಡಿಗೆ ಕಟ್ಟಿಯಾಗಿತ್ತು.

ಅವರು ಎರಡು ಹೆಸರು ಹೇಳಿದರು. ಒಂದು ತುಂಬಾ ದೂರ. ಇನ್ನೊಂದು ನಮ್ಮ ಮನೆಯಿಂದ ನಾಲ್ಕು ಮೈಲಿ. ರೇಟಿಂಗು: ರಿಕ್ವೈರ್ಸ್ ಇಂಪ್ರೂವ್‌ಮೆಂಟ್.

ವಾಟ್ಸಾಪಿನಲ್ಲಿ ಇಲ್ಲಿನ ಕನ್ನಡದವರ ಒಂದು ಗುಂಪಿದೆ. ಅಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಹದಿನೇಳು ಉತ್ತರ. ‘ಆ ಶಾಲೆ ಬೇಡವೇ ಬೇಡ.’ ‘ಕೆಂಡ್ರಿಕ್‌ಗೆ ಟ್ರೈ ಮಾಡಿ ಸಾರ್.’ ಕೆಂಡ್ರಿಕ್ ಇಲ್ಲಿನ ಹೆಣ್ಣುಮಕ್ಕಳ ಗ್ರಾಮರ್ ಸ್ಕೂಲು, ಅಂದರೆ ಪರೀಕ್ಷೆಯಲ್ಲಿ ಗೆದ್ದವರನ್ನೇ ತೆಗೆದುಕೊಳ್ಳುವ ಸರ್ಕಾರಿ ಶಾಲೆ. ಇಡೀ ಇಂಗ್ಲೆಂಡಿನಲ್ಲಿ ಗ್ರಾಮರ್ ಶಾಲೆ ಇರೋದೇ 163. ಅವುಗಳ ಪ್ರವೇಶ ಪರೀಕ್ಷೆಗೆ ಮಕ್ಕಳು ಇಯರ್ 5ರಿಂದಲೇ ಟ್ಯೂಷನ್‌ಗೆ ಹೋಗುತ್ತಾರೆ. ನಡುವಿನ ತರಗತಿಗೆ ಯಾರಾದರೂ ಬಿಟ್ಟು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನೊಬ್ಬರು ಪ್ರೈವೇಟ್ ಅಂದರು. ಆಗ ಒಂದು ಟರ್ಮ್‌ಗೆ ಐದಾರು ಸಾವಿರ ಪೌಂಡ್ ಇತ್ತು, ವರ್ಷಕ್ಕೆ ಮೂರು ಟರ್ಮ್. ನಾನು ಆ ಗುಂಪನ್ನು ಮ್ಯೂಟ್ ಮಾಡಿದೆ. ಬೇಳೆ ಎಲ್ಲಿ ಸಿಗುತ್ತೆ ಅಂತ ಕೇಳಲು ಮಾತ್ರ ಈಗ ತೆರೆಯುತ್ತೇನೆ. ಆ ವಿಷಯದಲ್ಲಿ ಅವರು ಹೇಳಿದ್ದು ಒಂದೂ ತಪ್ಪಿಲ್ಲ.

ರಜೆ ಮುಗಿದು ಫೆಬ್ರವರಿ 20ಕ್ಕೆ ಆ ಶಾಲೆ ನೋಡಲು ಹೋದೆವು. ಗೇಟಿನಲ್ಲಿ ಒಂದು ಸಣ್ಣ ಯಂತ್ರ ನಮ್ಮ ಫೋಟೋ ತೆಗೆದು ಸ್ಟಿಕರ್ ಉಗುಳಿತು. ಅದನ್ನು ಕೋಟಿಗೆ ಅಂಟಿಸಿಕೊಂಡು ಕೂತೆವು. ಇಯರ್ 9ರ ಮುಖ್ಯಸ್ಥೆ ಬಂದರು. ಕುತ್ತಿಗೆಯಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ಅರ್ಧ ತಿಂದ ಸೇಬು. ನನಗೆ ಕೈಕುಲುಕಿ, ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ. ಎಲ್ಲ ಮಾತೂ ಮಗಳ ಜೊತೆ. ಯಾವ ವಿಷಯ ಇಷ್ಟ, ಇಲ್ಲಿಗೆ ಬಂದಮೇಲೆ ಯಾರಾದರೂ ಸಿಕ್ಕರಾ, ಊಟಕ್ಕೆ ಏನು ತಿನ್ನುತ್ತೀಯ. ನಾನು ಮಧ್ಯೆ ಬಾಯಿ ಹಾಕಿ, ‘ಅವಳು ಗಣಿತದಲ್ಲಿ ಯಾವಾಗಲೂ ಫಸ್ಟ್’ ಅಂದೆ. ಅವರು ‘ಓ, ಚೆನ್ನಾಗಿದೆ’ ಅಂದು ಮತ್ತೆ ಮಗಳ ಕಡೆ ತಿರುಗಿದರು.

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಸಾವಿರ ಮಕ್ಕಳು ಒಂದೇ ಸಲ ಕಾರಿಡಾರಿಗೆ ನುಗ್ಗಿದರು. ನಮ್ಮನ್ನು ಗೋಡೆಗೆ ಒತ್ತಿಕೊಂಡು ನಿಲ್ಲಲು ಹೇಳಿದರು. ಒಬ್ಬ ಹುಡುಗ ಬಾಗಿಲು ಹಿಡಿದು ನಿಂತ, ಐವತ್ತು ಜನ ಹೋಗುವವರೆಗೂ. ಒಬ್ಬಳು ಬಿದ್ದ ಪೆನ್ಸಿಲ್ ಬಾಕ್ಸ್ ಒದ್ದುಕೊಂಡೇ ಹೋದಳು. ಎರಡೂ ಕಂಡವು. ಕಲಾ ಕೋಣೆಯಲ್ಲಿ ಜೇಡಿಮಣ್ಣು ಸುಡುವ ಒಲೆ ಇತ್ತು. ಮಗಳು ಅದರ ಮುಂದೆ ನಿಂತವಳು ಅಲ್ಲಾಡಲಿಲ್ಲ. ‘ಇದು ನಿಜವಾಗಲೂ ಬಿಸಿಯಾಗುತ್ತಾ?’ ಅಂತ ಕೇಳಿದಳು. ಸಾವಿರ ಡಿಗ್ರಿ ದಾಟುತ್ತೆ ಅಂದರು ಮೇಡಂ. ಬಸ್ಸಿನಲ್ಲಿ ಬರುವಾಗ ಅವಳು ರೇಟಿಂಗಿನ ಬಗ್ಗೆ ಮಾತಾಡಲಿಲ್ಲ. ‘ನಾಳೆಯಿಂದಲೇ ಹೋಗಬಹುದಾ?’ ಅಂದಳು.

ನಾಳೆಯಿಂದ ಆಗಲಿಲ್ಲ, 26ನೇ ತಾರೀಖು ಸೋಮವಾರ ಹೋದಳು. ಬಂದು 51 ದಿನ ಆಗಿತ್ತು.

ಅದಕ್ಕೆ ಮುಂಚೆ ಸಮವಸ್ತ್ರದ ರಗಳೆ. ಶಾಲೆಯ ಗುರುತು ಇರುವ ಬ್ಲೇಜರ್ ಒಂದು ಅಂಗಡಿಯಲ್ಲಿ ಮಾತ್ರ. ಹೊಸದಕ್ಕೆ 40 ಪೌಂಡ್ ಮೇಲೆ. ಆಫೀಸಿನ ಹೆಂಗಸು ಮೆಲ್ಲಗೆ, ‘ಹಳೆಯದು ಇದೆ, 5 ಪೌಂಡ್, ನೋಡುತ್ತೀರಾ?’ ಅಂದರು. ನೋಡಿದೆವು. ತೋಳು ಎರಡಿಂಚು ಉದ್ದ, ಉಳಿದಂತೆ ಹೊಸದರ ಹಾಗೇ. ಟೈ ಕಟ್ಟುವ ಹಾಗಿಲ್ಲ, ಕ್ಲಿಪ್ಪಿನಲ್ಲಿ ಸಿಕ್ಕಿಸುವ ಟೈ. ಯಾರಾದರೂ ಎಳೆದರೆ ಕೈಗೆ ಬರಬೇಕು, ಕುತ್ತಿಗೆಗೆ ಉರುಳಾಗಬಾರದು ಅಂತ. ಯೂಟ್ಯೂಬ್ ನೋಡಿ ಎರಡು ದಿನ ಟೈ ಕಟ್ಟುವುದನ್ನು ಕಲಿತಿದ್ದೆ ನಾನು.

ಫಾರಂನಲ್ಲಿ ಮಾತೃಭಾಷೆ ಅಂತ ಒಂದು ಕಾಲಂ. ಕನ್ನಡ ಅಂತ ಬರೆದರೆ ಇವಳಿಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಾರು ಅಂತ ನನ್ನ ಭಯ. ಮಗಳು ಪೆನ್ನು ಕಿತ್ತುಕೊಂಡು ಕನ್ನಡ ಅಂತಲೇ ಬರೆದಳು. ಒಂದು ಸಣ್ಣ ಪರೀಕ್ಷೆ ಮಾಡಿದರು, ಹತ್ತು ನಿಮಿಷದಲ್ಲಿ ಬಿಟ್ಟು ಕಳಿಸಿದರು. ಓದೋದು, ಬರೆಯೋದು ಅವಳಿಗೆ ಕಷ್ಟವೇ ಆಗಲಿಲ್ಲ. ಪಕ್ಕದಲ್ಲಿ ಕೂತ ಹುಡುಗಿ ಏನು ಹೇಳುತ್ತಾಳೆ ಅನ್ನೋದೇ ಮೊದಲ ತಿಂಗಳು ತಿಳಿಯಲಿಲ್ಲ.

ಗಣಿತದಲ್ಲಿ ಮಕ್ಕಳನ್ನು ಮಟ್ಟ ನೋಡಿ ಸೆಟ್‌ಗಳಾಗಿ ಹಂಚುತ್ತಾರೆ. ಇವಳ ಅಂಕದ ದಾಖಲೆ ಅವರ ಹತ್ತಿರ ಇರಲಿಲ್ಲ, ನಡುವಿನ ಸೆಟ್‌ಗೆ ಹಾಕಿದರು. ನಾನು ನೀಲಿ ಫೈಲು ಹಿಡಿದು ಹೊರಟೆ. ಹೆಂಡತಿ ಬಾಗಿಲಲ್ಲೇ ತಡೆದಳು. ಈಸ್ಟರ್ ಆದಮೇಲೆ ಅವರೇ ಮೇಲಿನ ಸೆಟ್‌ಗೆ ಕಳಿಸಿದರು. ವಿಷಯ ಆರಿಸುವುದರಲ್ಲಿ ಮಾತ್ರ ಪೆಟ್ಟು ಬಿತ್ತು. ಉಳಿದವರು ಇಯರ್ 7ರಿಂದಲೇ ಫ್ರೆಂಚ್ ಕಲಿತಿದ್ದರು. ಇವಳಿಗೆ ಕನ್ನಡ, ಹಿಂದಿ. ಜಿಸಿಎಸ್‌ಇಯಲ್ಲಿ ಗುಜರಾತಿ ಇದೆ, ಪಂಜಾಬಿ ಇದೆ, ಉರ್ದು, ಬಂಗಾಳಿ ಇವೆ. ಕನ್ನಡ ಇಲ್ಲ. ಭಾಷೆ ಬಿಟ್ಟು ಭೂಗೋಳ, ಕಂಪ್ಯೂಟರ್ ಸೈನ್ಸ್, ಆರ್ಟ್ ತೆಗೆದುಕೊಂಡಳು. ಆರ್ಟ್ ಯಾಕೆ ಅಂತ ಕೇಳಬೇಡಿ, ಒಲೆ ನೆನಪಿದೆಯಲ್ಲ.

ನಾನು ಅಷ್ಟಕ್ಕೇ ಬಿಟ್ಟೆನಾ? ಇಲ್ಲ. ಹತ್ತಿರದ ಶಾಲೆ ಸೀಟು ಕೊಡದಿದ್ದರೆ ಮೇಲ್ಮನವಿ ಹಾಕಬಹುದು, ಖರ್ಚಿಲ್ಲ. 30 ಶಾಲಾ ದಿನದೊಳಗೆ ವಿಚಾರಣೆ ಆಗಬೇಕು. ಏಪ್ರಿಲ್ 18ಕ್ಕೆ ವಿಡಿಯೋ ಕಾಲ್‌ನಲ್ಲಿ ಆಯಿತು. ಮೂವರ ಪ್ಯಾನೆಲ್, ಶಾಲೆಗೆ ಸಂಬಂಧ ಇಲ್ಲದವರು. ಶಾಲೆಯ ಕಡೆಯವರು ತಮ್ಮ ಲೆಕ್ಕ ಮಂಡಿಸಿದರು: ಇಯರ್ 9ಕ್ಕೆ 210 ಜಾಗ, ಈಗಾಗಲೇ 214 ಮಕ್ಕಳಿದ್ದಾರೆ, ವಿಜ್ಞಾನದ ಲ್ಯಾಬಿನಲ್ಲಿ 30 ಸ್ಟೂಲು. ನಾನು ಮೈಕ್ ಆನ್ ಮಾಡಿ, ‘ಇನ್ನೊಂದು ಸ್ಟೂಲು ಹಾಕಿದರೆ ಏನಾಗುತ್ತೆ?’ ಅಂದೆ. ಆ ಕಡೆಯಿಂದ ಶಾಂತವಾಗಿ ಉತ್ತರ ಬಂತು, ‘ಬುನ್ಸೆನ್ ಬರ್ನರ್ ಇರುತ್ತೆ, ಓಡಾಡಲು ಜಾಗ ಬೇಕು.’

ಆಮೇಲೆ ಪ್ಯಾನೆಲ್‌ನ ಅಧ್ಯಕ್ಷರು ನನ್ನನ್ನು ಕೇಳಿದರು, ಈ ಶಾಲೆಯಲ್ಲಿ ಇರುವ, ಬೇರೆಡೆ ಸಿಗದ, ನಿಮ್ಮ ಮಗಳಿಗೇ ಬೇಕಾದ ಅಂಥದ್ದೇನು? ನಾನು ಹನ್ನೊಂದು ಪುಟ ತಯಾರಿ ಮಾಡಿಕೊಂಡಿದ್ದೆ. ಅಷ್ಟರಲ್ಲೂ ಶಾಲೆ ಎಷ್ಟು ಒಳ್ಳೆಯದು ಅಂತ ಇತ್ತೇ ಹೊರತು ಮಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ‘ಹತ್ತಿರ ಇದೆ’ ಅಂದೆ. ಐದು ದಿನದಲ್ಲಿ ಪತ್ರ ಬಂತು. ಸೋತಿದ್ದೆವು.

ಒಂದು ಲಾಭ ಆಯಿತು, ಅದನ್ನು ಹೇಳಲೇಬೇಕು. ಎಂಟು ವರ್ಷ ದಾಟಿದ ಮಗುವಿಗೆ, ಜಾಗ ಇರುವ ಹತ್ತಿರದ ಸೂಕ್ತ ಶಾಲೆ ನಡಿಗೆಯ ದಾರಿಯಲ್ಲಿ 3 ಮೈಲಿಗಿಂತ ದೂರ ಇದ್ದರೆ ಕೌನ್ಸಿಲ್ ಉಚಿತವಾಗಿ ಪ್ರಯಾಣದ ವ್ಯವಸ್ಥೆ ಮಾಡಬೇಕು. ಸೀಟಿಲ್ಲ ಅಂತ ಬಂದ ಪತ್ರಗಳನ್ನು ನಾನು ಸಿಟ್ಟಿನಲ್ಲಿ ಹರಿದು ಹಾಕಿರಲಿಲ್ಲ. ಅವನ್ನೇ ಲಗತ್ತಿಸಿ ಅರ್ಜಿ ಹಾಕಿದೆ. ಬಸ್ ಪಾಸು ಬಂತು. ನೀವೂ ಅಂಥ ಪತ್ರಗಳನ್ನು ಎತ್ತಿಡಿ.

ಹತ್ತಿರದ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ಮಗಳ ಹೆಸರು ಹಾಗೇ ಇತ್ತು. ಫೆಬ್ರವರಿಯಲ್ಲಿ ಮೂರನೆಯವಳು. ನಮ್ಮ ರೈಲ್ವೆ ವೇಟಿಂಗ್ ಲಿಸ್ಟಿನ ಹಾಗೆ ದಿನ ಕಳೆದಂತೆ ಮೇಲೆ ಬರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಎಷ್ಟು ದಿನ ಕಾದಿರಿ ಅನ್ನೋದಕ್ಕೆ ಬೆಲೆ ಇಲ್ಲ. ಹೊಸದಾಗಿ ಯಾರಾದರೂ ಶಾಲೆಗೆ ಇನ್ನೂ ಹತ್ತಿರದಲ್ಲಿ ಮನೆ ಮಾಡಿದರೆ ಅವರು ನಮಗಿಂತ ಮುಂದೆ. ಈಸ್ಟರ್ ಹೊತ್ತಿಗೆ ಐದು. ಜುಲೈನಲ್ಲಿ ಆ ಶಾಲೆಯಿಂದ ಇಮೇಲ್ ಬಂತು, ಪಟ್ಟಿಯಲ್ಲಿ ಮುಂದುವರಿಯುತ್ತೀರಾ, ನಿಮ್ಮ ಮಗಳು ಈಗ ಏಳನೆಯವಳು ಅಂತ.

ಬೆಳಿಗ್ಗೆ ಏಳೂವರೆ. ಮಗಳಿಗೆ ಓದಿ ಹೇಳಿದೆ. ‘ಏಳಾ? ಸರಿ. ಅಪ್ಪ, ನನ್ನ ಟೈ ಕ್ಲಿಪ್ಪು ಮುರಿದಿದೆ, ಸೇಫ್ಟಿ ಪಿನ್ ಇದ್ಯಾ?’ ಅಂದಳು. ಹುಡುಕಿ ಕೊಟ್ಟೆ. ಬಸ್ಸು ಏಳು ಐವತ್ತಕ್ಕೆ.